ಆರೆಗಾನ್ ಟ್ರೇಲ್: ಬಂಡೆಗಳ ಗುರುತು ಹಿಡಿದು ನಾಲ್ಕು ದಿನದ ದಾರಿ

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಅಮೆರಿಕದಲ್ಲಿರುವ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮಗಳು ಶಾಲೆಯಲ್ಲಿ ಆರೆಗಾನ್ ಟ್ರೇಲ್ ಪಾಠ ಓದಿದ್ದಾಳೆ, ನೋಡಲೇಬೇಕು ಅಂತಾಳೆ. ಊರಿಂದ ಅಪ್ಪ ಅಮ್ಮನೂ ಬಂದಿದ್ದಾರೆ. ಎಲ್ಲಿಂದ ಶುರು ಮಾಡೋದು? ಅಲ್ಲಿ ನೋಡೋಕೆ ಏನಿದೆ?" ಈ ಕೊನೆಯ ಪ್ರಶ್ನೆ ಸಹಜವೇ. ಇದು ಎರಡು ಸಾವಿರ ಮೈಲಿ ಉದ್ದದ ಹಳೆಯ ಗಾಡಿ ದಾರಿ. ಇಂಥ ಕಡೆ ಶುರು, ಇಂಥ ಕಡೆ ಟಿಕೆಟ್ ಅಂತ ಏನೂ ಇಲ್ಲ. ಆದರೆ ಆ ದಾರಿಯಲ್ಲಿ ನಡೆದ ಜನ ನೋಡಿದ ಬಂಡೆ, ಬೆಟ್ಟ, ಕಮರಿಗಳು ಈಗಲೂ ಅಲ್ಲೇ ಇವೆ. ಅವನ್ನು ಸರಿಯಾದ ಕ್ರಮದಲ್ಲಿ ನೋಡಿದರೆ ದಾರಿ ತಾನಾಗಿ ಅರ್ಥವಾಗುತ್ತದೆ. ಆ ಕ್ರಮ ಹೇಳುವುದಕ್ಕೇ ಈ ಲೇಖನ.

ದಾರಿಯ ಬಗ್ಗೆ ಮೊದಲು ಸ್ವಲ್ಪ. 1840ರ ದಶಕದಿಂದ 1869ರಲ್ಲಿ ಖಂಡದ ಆಚೆ ತುದಿವರೆಗೆ ರೈಲು ಬರುವ ತನಕ, ಲಕ್ಷಾಂತರ ವಲಸಿಗರು ಮಿಸೌರಿ ನದಿಯ ದಡದ ಊರುಗಳಿಂದ ಪಶ್ಚಿಮಕ್ಕೆ ಹೊರಟರು. 1843ರಲ್ಲಿ ಸುಮಾರು ಒಂದು ಸಾವಿರ ಜನ ಒಟ್ಟಿಗೆ ಹೊರಟ ಮೇಲೆ ದಾರಿ ಗಟ್ಟಿಯಾಯಿತು. ಮರದ ಗಾಡಿ, ಅದರ ಮೇಲೆ ಕಮಾನಿಗೆ ಬಿಗಿದ ಬಟ್ಟೆ, ಎಳೆಯುವುದಕ್ಕೆ ಹೆಚ್ಚಾಗಿ ಎತ್ತುಗಳು. ಗಾಡಿಯೊಳಗೆ ಸಾಮಾನು ತುಂಬಿರುತ್ತಿತ್ತು, ಹಾಗಾಗಿ ಬಹಳ ಜನ ಪಕ್ಕದಲ್ಲಿ ನಡೆದೇ ಹೋದರು. ದಿನಕ್ಕೆ ಸುಮಾರು 15 ಮೈಲಿ, ಅಂದರೆ 24 ಕಿಲೋಮೀಟರ್. ಒಟ್ಟು ನಾಲ್ಕರಿಂದ ಆರು ತಿಂಗಳು.

ಆ ಬಂಡೆಗಳು ಅವರಿಗೆ ಯಾಕೆ ಅಷ್ಟು ಮುಖ್ಯವಾದವು? ದಾರಿ ತಪ್ಪಬಾರದು ಅಂತ ನೋಡುತ್ತಿದ್ದರು ಎಂದು ನಾವು ಅಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ ನಿಜ. ಪ್ಲಾಟ್ ನದಿ ಪಕ್ಕದಲ್ಲೇ ಹರಿಯುತ್ತಿತ್ತು. ಮುಂದೆ ಹೋದವರ ಗಾಲಿಯ ಜಾಡು ನೆಲದ ಮೇಲೆ ಕಾಣುತ್ತಿತ್ತು. ಅವರನ್ನು ಕಾಡುತ್ತಿದ್ದ ಪ್ರಶ್ನೆಗಳು ಬೇರೆ. ಎಷ್ಟು ದೂರ ಬಂದಿದ್ದೇವೆ? ಇವತ್ತಿನ ತಾರೀಖಿಗೆ ಇಷ್ಟು ದೂರ ಸಾಕಾ, ಹಿಮ ಬೀಳುವ ಮುಂಚೆ ಬೆಟ್ಟ ದಾಟುತ್ತೇವಾ? ಮುಂದಿನ ಒಳ್ಳೆ ನೀರು ಎಲ್ಲಿ? ಈ ಮೂರಕ್ಕೂ ಉತ್ತರ ಕೊಡುತ್ತಿದ್ದದ್ದು ಆ ಬಂಡೆಗಳು. ನೀವೂ ಪ್ರತಿಯೊಂದು ಜಾಗದಲ್ಲಿ ಇದೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಆಗ ಅದು ಫೋಟೋ ತೆಗೆಯುವ ಬರೀ ಕಲ್ಲಾಗಿ ಉಳಿಯುವುದಿಲ್ಲ.

ಇಡೀ ದಾರಿ ಮಾಡಬೇಕಾಗಿಲ್ಲ. ನೆಬ್ರಾಸ್ಕಾದ ಆ್ಯಶ್ ಹಾಲೋದಿಂದ ವಯೋಮಿಂಗ್‌ನ ಸೌತ್ ಪಾಸ್ ತನಕ ಕಾರಿನಲ್ಲಿ ಸುಮಾರು 500 ಮೈಲಿ. ಹೆಸರಾದ ಗುರುತುಗಳು ಹೆಚ್ಚಾಗಿ ಈ ಭಾಗದಲ್ಲೇ ಸಾಲಾಗಿವೆ. ಕ್ಯಾಲಿಫೋರ್ನಿಯಾಕ್ಕೆ ಚಿನ್ನ ಹುಡುಕಿ ಹೋದವರೂ, ಯೂಟಾಗೆ ಹೋದ ಮಾರ್ಮನ್ ಪಂಥದವರೂ ಹೆಚ್ಚುಕಡಿಮೆ ಇದೇ ಕಣಿವೆ ಹಿಡಿದು ಹೋದರು. ನೋಡುವುದಕ್ಕೆ ನಾಲ್ಕು ದಿನ, ವಾಪಸ್ ಬರುವುದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಹೊರಡುವ ಮುಂಚೆ ಏನೇನು ಬೇಕು

ಕಾಲ: ಮೇ ಕೊನೆಯಿಂದ ಸೆಪ್ಟೆಂಬರ್ ತನಕ ಒಳ್ಳೆಯದು. ಜೂನ್ ನನಗೆ ಎಲ್ಲಕ್ಕಿಂತ ಇಷ್ಟ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಗಾಡಿಗಳು ಬಹಳಷ್ಟು ನೆಬ್ರಾಸ್ಕಾದ ಈ ಭಾಗ ದಾಟಿದ್ದೂ ಅದೇ ತಿಂಗಳಲ್ಲಿ. ಚಳಿಗಾಲದಲ್ಲಿ ಚಿಕ್ಕ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ವಯೋಮಿಂಗ್ ಕಡೆ ಹೋಗಬೇಡಿ. ಗಾಳಿ ಮತ್ತು ಹಿಮಕ್ಕೆ ಹೆದ್ದಾರಿಗಳನ್ನೇ ಮುಚ್ಚುತ್ತಾರೆ.

ಸಾಮಾನು: ಒಬ್ಬೊಬ್ಬರಿಗೂ ದಿನಕ್ಕೆ ಮೂರು ಲೀಟರ್ ನೀರು, ಟೋಪಿ, ಬೆರಳು ಮುಚ್ಚುವ ಶೂ, ದುರ್ಬೀನು. ದುರ್ಬೀನು ಮರೆಯಬೇಡಿ. ಈ ಪ್ರವಾಸದಲ್ಲಿ ದೂರದಿಂದ ನೋಡುವುದೇ ಅರ್ಧ ಕೆಲಸ. ಫೋನಿನಲ್ಲಿ ಮ್ಯಾಪ್ ಮುಂಚೆಯೇ ಡೌನ್‌ಲೋಡ್ ಮಾಡಿಕೊಳ್ಳಿ, ವಯೋಮಿಂಗ್‌ನ ಕ್ಯಾಸ್ಪರ್ ಊರು ದಾಟಿದ ಮೇಲೆ ಸಿಗ್ನಲ್ ನಂಬುವ ಹಾಗಿಲ್ಲ. ಕಾಗದದ ಮ್ಯಾಪ್ ಒಂದಿದ್ದರೆ ಇನ್ನೂ ಒಳ್ಳೆಯದು.

ಊಟ: ಸಸ್ಯಾಹಾರಿಗಳಾದರೆ ದಾರಿಯ ಊರುಗಳನ್ನು ನೆಚ್ಚಿಕೊಳ್ಳಬೇಡಿ. ಚಪಾತಿ, ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಪುಟ್ಟ ರೈಸ್ ಕುಕ್ಕರ್ ಇಟ್ಟುಕೊಳ್ಳಿ. ಹಾಲು, ಮೊಸರು, ಹಣ್ಣು ಸ್ಕಾಟ್ಸ್‌ಬ್ಲಫ್ ಮತ್ತು ಕ್ಯಾಸ್ಪರ್‌ನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ.

ದಿಕ್ಕು: ಎಲ್ಲಕ್ಕಿಂತ ಮುಖ್ಯ ಇದು. ಪೂರ್ವದಿಂದ ಪಶ್ಚಿಮಕ್ಕೆ ಹೋಗಿ. ನಾನು ಮೊದಲ ಸಲ ಉಲ್ಟಾ ದಿಕ್ಕಿನಲ್ಲಿ ಹೋಗಿದ್ದೆ. ಎತ್ತರದ ಬೆಟ್ಟಗಳನ್ನು ಮೊದಲೇ ನೋಡಿಬಿಟ್ಟಿದ್ದರಿಂದ ಈ ದಾರಿಯ ಹೆಸರಾದ ಕಂಬದಂಥ ಬಂಡೆ ಚಿಮ್ನಿ ರಾಕ್ ಮನಸ್ಸಿಗೆ ಹಿಡಿಸಲೇ ಇಲ್ಲ. ವಾರಗಟ್ಟಲೆ ಬರೀ ಬಯಲು ನೋಡಿ ಬಂದ ಕಣ್ಣಿಗೆ ಅದು ಏನಾಗಿತ್ತು ಅನ್ನುವುದು ಪೂರ್ವದಿಂದ ಬಂದರೆ ಮಾತ್ರ ಗೊತ್ತಾಗುತ್ತದೆ.

ಹೆಸರುಗಳಲ್ಲಿ ಮೋಸ ಹೋಗಬೇಡಿ

ಜಿಪಿಎಸ್‌ಗೆ ಹೆಸರು ಹಾಕುವಾಗ ಬಹಳ ಜನ ಎಡವುತ್ತಾರೆ. ಲಾರಮಿ ಅನ್ನುವುದು ದಕ್ಷಿಣ ವಯೋಮಿಂಗ್‌ನ ಒಂದು ಊರು. ನಿಮಗೆ ಬೇಕಾದದ್ದು ಫೋರ್ಟ್ ಲಾರಮಿ, ಅದು ಬೇರೆಯೇ ಕಡೆ ಇದೆ. ಸ್ಕಾಟ್ಸ್‌ಬ್ಲಫ್ ಒಂದೇ ಪದವಾದರೆ ಊರು, ಸ್ಕಾಟ್ಸ್ ಬ್ಲಫ್ ಎರಡು ಪದವಾದರೆ ಬೆಟ್ಟ. ಡೆವಿಲ್ಸ್ ಗೇಟ್ ಹುಡುಕುವ ಬದಲು ಡೆವಿಲ್ಸ್ ಟವರ್ ಅಂತ ಹಾಕಿದರೆ ರಾಜ್ಯದ ಈಶಾನ್ಯ ಮೂಲೆಗೆ ಹೋಗಿ ಸೇರುತ್ತೀರಿ. ಇನ್ನು ಸೌತ್ ಪಾಸ್ ಸಿಟಿ ಅನ್ನುವುದು 1867ರಲ್ಲಿ ಚಿನ್ನ ಸಿಕ್ಕಿ ಹುಟ್ಟಿದ ಊರು. ಸೌತ್ ಪಾಸ್ ಅಲ್ಲಿಂದ ಕೆಲವು ಮೈಲಿ ದೂರ.

1. ಆ್ಯಶ್ ಹಾಲೋ: ಮೊದಲ ಇಳಿಜಾರು, ಮೊದಲ ಸಿಹಿನೀರು

ಡೆನ್ವರ್‌ನಿಂದ ಹೊರಟರೆ ಒಗಲಾಲಾ ಊರಿಗೆ ಸುಮಾರು ಮೂರು ಗಂಟೆ. ಅಲ್ಲಿಂದ ಹೆದ್ದಾರಿ 26 ಹಿಡಿಯಿರಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ವಿಂಡ್‌ಲಸ್ ಹಿಲ್ ಸಿಗುತ್ತದೆ. ಓಮಾಹಾ ಕಡೆಯಿಂದ ಬರುವವರು ನೆನಪಿಡಿ, ದಾರಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ.

ವಲಸಿಗರು ಇಲ್ಲಿಗೆ ಬರುವ ಹೊತ್ತಿಗೆ ವಾರಗಟ್ಟಲೆ ಪ್ಲಾಟ್ ನದಿಯ ಪಕ್ಕದಲ್ಲಿ ನಡೆದಿರುತ್ತಿದ್ದರು. ಅಗಲವಾದ, ಆಳವಿಲ್ಲದ, ಮರಳು ಕಲಕಿದ ನೀರಿನ ನದಿ ಅದು. ಮರ ಇಲ್ಲ, ಸೌದೆ ಇಲ್ಲ. ಬೈಸನ್ ಎಂಬ ಕಾಡುಕೋಣದಂಥ ಪ್ರಾಣಿಯ ಒಣಗಿದ ಸಗಣಿಯನ್ನೇ ಒಲೆಗೆ ಹಾಕುತ್ತಿದ್ದರು. ಬೆರಣಿ ತಟ್ಟಿ ಬೆಳೆದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ದಕ್ಷಿಣ ಪ್ಲಾಟ್ ದಾಟಿ, ಒಣ ದಿಬ್ಬದ ಮೇಲೆ ನಡೆದು, ಇಲ್ಲಿ ಕಡಿದಾದ ಇಳಿಜಾರಿಗೆ ಬಂದು ನಿಲ್ಲುತ್ತಿದ್ದರು. ಕೆಳಗೆ ಆ್ಯಶ್ ಮರಗಳು, ತಿಳಿನೀರಿನ ಚಿಲುಮೆ. ಗಾಲಿಗಳನ್ನು ಸರಪಳಿಯಿಂದ ಬಿಗಿದು, ಹಿಂದೆ ಹಗ್ಗ ಹಿಡಿದು, ಗಾಡಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು.

ನೀವು ಮಾಡಬೇಕಾದದ್ದು: ಕಾಲುದಾರಿಯಲ್ಲಿ ದಿಬ್ಬದ ತುದಿಗೆ ಹತ್ತಿ, ಕೆಳಗೆ ನೋಡಿ. ಗಾಡಿಗಳು ಇಳಿದ ಜಾಡು ಮಳೆಗೆ ಕೊರೆದು ಈಗ ಕೊರಕಲಾಗಿದೆ. ಅದರೊಳಗೆ ಇಳಿಯಬೇಡಿ, ಮಣ್ಣು ಸಡಿಲ. ಆಮೇಲೆ ಕೆಳಗಿನ ಸ್ಮಶಾನಕ್ಕೆ ಹೋಗಿ. 1849ರಲ್ಲಿ ತೀರಿಕೊಂಡ 18 ವರ್ಷದ ರೇಚೆಲ್ ಪ್ಯಾಟಿಸನ್ ಎಂಬ ಹೆಣ್ಣುಮಗಳ ಸಮಾಧಿ ಅಲ್ಲಿದೆ. ಆಕೆಗೆ ಬಂದದ್ದು ಕಾಲರಾ. ಈ ದಾರಿಯಲ್ಲಿ ಜನರನ್ನು ಅತಿ ಜಾಸ್ತಿ ಕೊಂದದ್ದು ಅದೇ ರೋಗ, ಅದು ಹರಡಿದ್ದು ಕೆಟ್ಟ ನೀರಿನಿಂದ. "ಮುಂದಿನ ಒಳ್ಳೆ ನೀರು ಎಲ್ಲಿ" ಎಂಬ ಪ್ರಶ್ನೆಯ ಭಾರ ಇಲ್ಲಿ ಗೊತ್ತಾಗುತ್ತದೆ.

ಎಚ್ಚರ: ಇದು ನೆಬ್ರಾಸ್ಕಾ ರಾಜ್ಯದ ಉದ್ಯಾನ. ವಾಹನಕ್ಕೆ ಪರ್ಮಿಟ್ ಬೇಕು. ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ.

2. ಕೋರ್ಟ್‌ಹೌಸ್ ಮತ್ತು ಜೈಲ್ ರಾಕ್: ಕಣ್ಣಿಗೆ ಮೋಸ ಮಾಡುವ ದೂರ

ಹೆದ್ದಾರಿ 26ರಲ್ಲೇ ಪಶ್ಚಿಮಕ್ಕೆ ಒಂದು ಗಂಟೆ ಹೋದರೆ ಬ್ರಿಜ್‌ಪೋರ್ಟ್. ಊರಿನ ದಕ್ಷಿಣಕ್ಕೆ, ಹೆದ್ದಾರಿ 88ರಲ್ಲಿ ಐದು ಮೈಲಿ ದೂರದಲ್ಲಿ ಎರಡು ದೊಡ್ಡ ಗುಡ್ಡಗಳು ಅಕ್ಕಪಕ್ಕ ನಿಂತಿವೆ. ದೊಡ್ಡದು ಅವರ ಕಣ್ಣಿಗೆ ಊರಿನ ನ್ಯಾಯಾಲಯದ ಕಟ್ಟಡದ ಹಾಗೆ ಕಂಡಿತು. ಹಾಗಾಗಿ ಪಕ್ಕದ ಚಿಕ್ಕದು ಜೈಲು. ಎತ್ತುಗಳಿಗೆ ಆ್ಯಶ್ ಹಾಲೋದಿಂದ ಇಲ್ಲಿಗೆ ನಾಲ್ಕೈದು ದಿನ ಬೇಕಾಗುತ್ತಿತ್ತು.

ಇಲ್ಲೊಂದು ಪರೀಕ್ಷೆ ಮಾಡಿ. ಬಂಡೆ ಮೊದಲು ಕಂಡ ಕೂಡಲೇ ಕಾರು ಪಕ್ಕಕ್ಕೆ ನಿಲ್ಲಿಸಿ, ಎಲ್ಲರೂ ದೂರ ಊಹಿಸಲಿ. ಮಕ್ಕಳು ಬರೆದಿಟ್ಟುಕೊಳ್ಳಲಿ. ಆಮೇಲೆ ಮೀಟರ್ ನೋಡಿ. ಬಹುತೇಕ ಎಲ್ಲರೂ ಕಡಿಮೆ ಹೇಳುತ್ತಾರೆ. ಇಲ್ಲಿನ ಗಾಳಿ ಒಣ, ಮಂಜಿಲ್ಲ, ನಡುವೆ ಮರವಾಗಲಿ ಮನೆಯಾಗಲಿ ಇಲ್ಲ. ಅಳತೆಗೆ ಏನೂ ಸಿಗದೆ ಕಣ್ಣು ದೂರದ್ದನ್ನು ಹತ್ತಿರ ಅಂದುಕೊಳ್ಳುತ್ತದೆ. ವಲಸಿಗರಲ್ಲೂ ಎಷ್ಟೋ ಜನ "ಇಲ್ಲೇ ಇದೆ, ಹೋಗಿ ಬರೋಣ" ಎಂದು ದಾರಿ ಬಿಟ್ಟು ಹೊರಟು, ಗಂಟೆಗಟ್ಟಲೆ ನಡೆದು ಸುಸ್ತಾಗಿದ್ದುಂಟು.

ಎಚ್ಚರ: ಕೊನೆಯ ಸ್ವಲ್ಪ ದೂರ ಜಲ್ಲಿ ರಸ್ತೆ. ನೀರು, ಶೌಚಾಲಯ ಏನನ್ನೂ ನಿರೀಕ್ಷಿಸಬೇಡಿ. ರ‍್ಯಾಟಲ್ ಸ್ನೇಕ್, ಅಂದರೆ ಬಾಲದಿಂದ ಗಿಲಕಿಯ ಹಾಗೆ ಸದ್ದು ಮಾಡುವ ವಿಷದ ಹಾವು, ಈ ಭಾಗದಲ್ಲಿ ಸಾಮಾನ್ಯ. ಹುಲ್ಲಿನೊಳಗೆ ನುಗ್ಗಬೇಡಿ, ಕಾಣದ ಬಿರುಕಿಗೆ ಕೈ ಹಾಕಬೇಡಿ. ಗುಡ್ಡ ಹತ್ತುವ ಆಸೆಯೂ ಬೇಡ. ಮಣ್ಣು ಮೆದು, ಕಾಲಡಿ ಕುಸಿಯುತ್ತದೆ.

ರಾತ್ರಿ ಬ್ರಿಜ್‌ಪೋರ್ಟ್‌ನಲ್ಲೇ ಉಳಿಯಿರಿ. ಸಣ್ಣ ಊರು, ರೂಮ್ ಮುಂಚೆಯೇ ಹೇಳಿಡಿ. ಮುಂದೆ ದೊಡ್ಡ ಊರಿದೆ ಎಂದು ಕತ್ತಲಲ್ಲಿ ಹೋಗಿಬಿಟ್ಟರೆ ಚಿಮ್ನಿ ರಾಕ್ ಪಕ್ಕದಲ್ಲೇ ಕಾಣದೆ ಹಾದುಹೋಗುತ್ತದೆ.

3. ಚಿಮ್ನಿ ರಾಕ್: ನಿಧಾನವಾಗಿ ಹತ್ತಿರ ಹೋಗಿ

ವಲಸಿಗರ ದಿನಚರಿಗಳಲ್ಲಿ ಅತಿ ಜಾಸ್ತಿ ಸಲ ಬರುವ ಗುರುತು ಇದು. ಕೆಳಗೆ ಶಂಕುವಿನ ಆಕಾರದ ಗುಡ್ಡ, ಅದರ ಮೇಲೆ ನೆಟ್ಟಗೆ ನಿಂತ ಕಂಬ. ಬುಡದಿಂದ ತುದಿಗೆ 300 ಅಡಿಗೂ ಜಾಸ್ತಿ. ಅದರಲ್ಲಿ ಕಂಬವೇ ಸುಮಾರು 120 ಅಡಿ. 1956ರಿಂದ ಇದು ರಾಷ್ಟ್ರೀಯ ಐತಿಹಾಸಿಕ ತಾಣ. ನೆಬ್ರಾಸ್ಕಾದ 25 ಸೆಂಟ್ ನಾಣ್ಯದ ಮೇಲೂ 2006ರಲ್ಲಿ ಇದೇ ಬಂತು. ಹಳೆ ನಾಣ್ಯಗಳಲ್ಲಿ ಹುಡುಕಿ ಮಕ್ಕಳ ಕೈಗೆ ಕೊಡಿ.

ಬಯಲಿನ ನಡುವೆ ಇಂಥ ಕಂಬ ಹೇಗೆ ಉಳಿಯಿತು? ಇದು ಜೇಡಿಮಣ್ಣಿನಂಥ ಮೆದು ಕಲ್ಲು, ಪಶ್ಚಿಮದ ಜ್ವಾಲಾಮುಖಿಗಳಿಂದ ಗಾಳಿಯಲ್ಲಿ ಹಾರಿಬಂದ ಬೂದಿ, ಮರಳುಗಲ್ಲು, ಇವು ಪದರ ಪದರವಾಗಿ ಕೂತು ಆದ ನೆಲ. ಒಂದು ಕಾಲಕ್ಕೆ ಸುತ್ತಲಿನ ನೆಲವೂ ಇಷ್ಟೇ ಎತ್ತರವಿತ್ತು. ಮಳೆ ಗಾಳಿ ಅದನ್ನೆಲ್ಲ ತಿಂದು ಹಾಕಿದವು. ಮೇಲಿನ ಗಟ್ಟಿ ಮರಳುಗಲ್ಲು ಕೊಡೆಯ ಹಾಗೆ ಕಾದದ್ದರಿಂದ ಇಷ್ಟು ಉಳಿದಿದೆ. ಈಗಲೂ ಸವೆಯುತ್ತಿದೆ. ವಲಸಿಗರು ನೋಡಿದ ಕಂಬ ನೀವು ನೋಡುವುದಕ್ಕಿಂತ ಎತ್ತರವಿತ್ತು.

ಬಹಳ ಜನ ಇಲ್ಲಿ ಮಾಡುವ ತಪ್ಪು ಒಂದೇ. ನೇರ ಪಾರ್ಕಿಂಗ್‌ಗೆ ಹೋಗಿ, ಇಳಿದು, ಫೋಟೋ ತೆಗೆದು, "ಇಷ್ಟೇನಾ?" ಅನ್ನುತ್ತಾರೆ. ಹಾಗೆ ಮಾಡಬೇಡಿ. ಬ್ರಿಜ್‌ಪೋರ್ಟ್‌ನಿಂದ ಬೆಳಿಗ್ಗೆ ಬೇಗ ಹೊರಡಿ. ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಬಂಡೆಯ ಪೂರ್ವದ ಮೈ ಹೊಂಬಣ್ಣಕ್ಕೆ ತಿರುಗಿರುತ್ತದೆ. ಕಂಬ ಮೊದಲು ಕಂಡಲ್ಲಿ ಒಮ್ಮೆ ನಿಲ್ಲಿ. ಕೈ ನೇರ ಚಾಚಿ, ಹೆಬ್ಬೆರಳಿನ ಉಗುರಿಗೆ ಹೋಲಿಸಿ ಅದರ ಎತ್ತರ ನೋಡಿ. ಐದು ಮೈಲಿ ಹೋಗಿ ಮತ್ತೆ ನೋಡಿ. ಇನ್ನೂ ಹತ್ತಿರ ಹೋಗಿ ಮೂರನೇ ಸಲ. ಅದು ನಿಮ್ಮ ಉಗುರನ್ನು ಮೀರಿ ಬೆಳೆಯುವುದು ಕಾಣುತ್ತದೆ. ಕೋರ್ಟ್‌ಹೌಸ್‌ನಿಂದ ಇಲ್ಲಿಗೆ ನಿಮಗೆ ಇಪ್ಪತ್ತು ಮೂವತ್ತು ನಿಮಿಷ, ಅವರಿಗೆ ಪೂರ್ತಿ ಒಂದು ದಿನ. ಬರುವ ಮುಂಚೆ ಮೂರು ನಾಲ್ಕು ದಿನ, ದಾಟಿದ ಮೇಲೆ ಇನ್ನೂ ಒಂದೆರಡು ದಿನ ಈ ಕಂಬ ಅವರ ಕಣ್ಣಿಗೆ ಬೀಳುತ್ತಲೇ ಇತ್ತು. ಸಾಧ್ಯವಾದರೆ ಸುರಕ್ಷಿತವಾದ ಹಳ್ಳಿ ರಸ್ತೆಯಲ್ಲಿ ಅರ್ಧ ಗಂಟೆ ಎಲ್ಲರೂ ನಡೆಯಿರಿ. ಗಂಟೆಗೆ ಎರಡು ಮೈಲಿ, ಅದೇ ಎತ್ತಿನ ನಡಿಗೆ. ಅರ್ಧ ಗಂಟೆಯಾದ ಮೇಲೂ ಬಂಡೆ ಇದ್ದಷ್ಟೇ ದೂರದಲ್ಲಿದೆ ಅನ್ನಿಸುತ್ತದೆ. ಇಡೀ ಪ್ರವಾಸದಲ್ಲಿ ಮಕ್ಕಳಿಗೆ ಜಾಸ್ತಿ ನೆನಪಿರುವುದು ಈ ಅರ್ಧ ಗಂಟೆ.

ಎಚ್ಚರ: ಬಂಡೆಯನ್ನು ಹತ್ತುವುದಕ್ಕೆ ಬಿಡುವುದಿಲ್ಲ. ಹತ್ತಿರದಿಂದ ನೋಡುವುದಕ್ಕೆ ಸಂದರ್ಶಕರ ಕೇಂದ್ರವಿದೆ, ಅದರ ಸಮಯವನ್ನು ಹೊರಡುವ ಹಿಂದಿನ ದಿನ ಖಚಿತ ಮಾಡಿಕೊಳ್ಳಿ. ಸುತ್ತಮುತ್ತ ಖಾಸಗಿ ಜಮೀನಿದೆ, ಬೇಲಿ ದಾಟಬೇಡಿ.

4. ಸ್ಕಾಟ್ಸ್ ಬ್ಲಫ್: ದಾರಿಗೆ ಅಡ್ಡ ನಿಂತ ಬೆಟ್ಟ

ಚಿಮ್ನಿ ರಾಕ್‌ನಿಂದ ಹೆದ್ದಾರಿ 92ರಲ್ಲಿ ಅರ್ಧ ಗಂಟೆ ಹೋದರೆ ಗೆರಿಂಗ್ ಊರು, ಅದರ ಪಕ್ಕದಲ್ಲೇ ಈ ಬೆಟ್ಟ. ನದಿಯಿಂದ ಸುಮಾರು 800 ಅಡಿ ಎತ್ತರ. 1828ರ ಸುಮಾರಿಗೆ ಇಲ್ಲಿ ಸತ್ತ ಹೈರಮ್ ಸ್ಕಾಟ್ ಎಂಬ ತುಪ್ಪಳ ವ್ಯಾಪಾರದವನ ಹೆಸರು ಇದಕ್ಕೆ ಬಂತು.

ಹಿಂದಿನವು ಪಕ್ಕದಿಂದ ನೋಡಿ ಹೋಗುವ ಗುರುತುಗಳು. ಇದು ಅಡ್ಡ ನಿಂತಿತ್ತು. ಬೆಟ್ಟಕ್ಕೂ ನದಿಗೂ ನಡುವೆ ಕೊರಕಲು ಬಿದ್ದ ಒರಟು ನೆಲ. ಗಾಡಿ ಅಲ್ಲಿ ಹೋಗುವುದಿಲ್ಲ. ಹಾಗಾಗಿ 1850ರ ತನಕ ದಕ್ಷಿಣಕ್ಕೆ ಸುತ್ತಿ ರೊಬಿಡು ಪಾಸ್ ದಾಟುತ್ತಿದ್ದರು. 1851ರಿಂದ ಮಿಚೆಲ್ ಪಾಸ್ ಎಂಬ ಹತ್ತಿರದ ಸಂದು ಬಳಕೆಗೆ ಬಂತು. ಪಾಸ್ ಅಂದರೆ ಬೆಟ್ಟಗಳ ನಡುವಿನ ಕಣಿವೆ ದಾರಿ. ಮಿಚೆಲ್ ಪಾಸ್‌ನಲ್ಲಿ ಹಳೆಯ ಜಾಡಿನ ಪಕ್ಕದಲ್ಲಿ ಮಾದರಿ ಗಾಡಿಗಳನ್ನು ನಿಲ್ಲಿಸಿದ್ದಾರೆ, ವಯಸ್ಸಾದವರೂ ಸುಲಭವಾಗಿ ನಡೆಯಬಹುದು.

ಆಮೇಲೆ ಸಮಿಟ್ ರೋಡ್‌ನಲ್ಲಿ ತುದಿಗೆ ಹೋಗಿ. 1930ರ ದಶಕದಲ್ಲಿ ಕಟ್ಟಿದ 1.6 ಮೈಲಿಯ ಕಾಂಕ್ರೀಟ್ ರಸ್ತೆ, ಮೂರು ಸುರಂಗಗಳಿವೆ. ಮೇಲಿಂದ ಪೂರ್ವಕ್ಕೆ ತಿರುಗಿದರೆ ಬೆಳಿಗ್ಗೆ ಬಿಟ್ಟು ಬಂದ ಚಿಮ್ನಿ ರಾಕ್ ಕಡ್ಡಿಯಷ್ಟು ಕಾಣುತ್ತದೆ. ಆಕಾಶ ತಿಳಿಯಾಗಿದ್ದ ದಿನ ಪಶ್ಚಿಮದಲ್ಲಿ ನೀಲಿ ನೆರಳಿನಂತೆ ಲಾರಮಿ ಪೀಕ್, ನೂರು ಮೈಲಿ ಆಚೆ. ಹಿಂದಿನ ಗುರುತು, ಮುಂದಿನ ಗುರುತು ಎರಡೂ ಒಂದೇ ಜಾಗದಿಂದ. ದುರ್ಬೀನು ತಂದದ್ದು ಇದಕ್ಕೇ.

ಎಚ್ಚರ: 25 ಅಡಿಗಿಂತ ಉದ್ದದ ವಾಹನ, ಟ್ರೇಲರ್ ಸಮಿಟ್ ರೋಡ್‌ಗೆ ಬಿಡುವುದಿಲ್ಲ. ಕಲ್ಲು ಉರುಳಿದಾಗ ರಸ್ತೆಯನ್ನೇ ಮುಚ್ಚುತ್ತಾರೆ, ಹೊರಡುವ ಬೆಳಿಗ್ಗೆ ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಲತಾಣ ನೋಡಿ. ಪ್ರವೇಶಕ್ಕೆ ದುಡ್ಡಿಲ್ಲ.

5. ಫೋರ್ಟ್ ಲಾರಮಿಯಿಂದ ಗರ್ನ್ಸಿ: ಕಲ್ಲು ಸವೆಸಿದ ಗಾಲಿಗಳು

ಮೂರನೇ ದಿನ ಹೆದ್ದಾರಿ 26ರಲ್ಲಿ ವಯೋಮಿಂಗ್ ಒಳಗೆ. ಫೋರ್ಟ್ ಲಾರಮಿ ಪ್ರಕೃತಿಯ ಗುರುತಲ್ಲ. 1834ರಲ್ಲಿ ತುಪ್ಪಳ ವ್ಯಾಪಾರಿಗಳು ಶುರು ಮಾಡಿ, 1849ರಲ್ಲಿ ಸೈನ್ಯ ಕೊಂಡ ಕೋಟೆ. ಒಂದು ಗಂಟೆ ಸಾಕು. ಆದರೆ ಬಿಡಬೇಡಿ. ಈ ದಾರಿ ಹಾದದ್ದು ಖಾಲಿ ನೆಲದ ಮೇಲಲ್ಲ. ಪಾನಿ, ಲಕೋಟ, ಶೈಯನ್, ಅರಾಪಾಹೋ, ಶೋಶೋನಿ ಎಂಬ ಮೂಲ ಜನರ ನೆಲ ಇದು. ಈ ಬಂಡೆಗಳಿಗೆಲ್ಲ ಅವರ ಭಾಷೆಗಳಲ್ಲಿ ಮೊದಲೇ ಹೆಸರಿತ್ತು. ಗಾಡಿಗಳ ಎತ್ತು ಕುದುರೆಗಳು ಹುಲ್ಲು ಮೇಯ್ದು ಮುಗಿಸಿದವು, ಬೈಸನ್‌ಗಳು ದಾರಿಯಿಂದ ದೂರವಾದವು. ಸರ್ಕಾರ ಮೂಲ ಜನರ ಜೊತೆ ಮಾಡಿಕೊಂಡ 1851 ಮತ್ತು 1868ರ ಒಪ್ಪಂದಗಳು ಈ ಕೋಟೆಯ ಹೆಸರಿನಲ್ಲೇ ಇವೆ, ಅವು ಹೇಗೆ ಮುರಿದುಬಿದ್ದವು ಎಂಬುದನ್ನು ಮಕ್ಕಳಿಗೆ ಇಲ್ಲಿ ನಿಂತು ಹೇಳಿ.

ಕೋಟೆಯಿಂದ 13 ಮೈಲಿಗೆ ಗರ್ನ್ಸಿ. ಈ ದಾರಿಯಲ್ಲಿ ಎದುರಿಗೆ ಲಾರಮಿ ಪೀಕ್ ದೊಡ್ಡದಾಗುತ್ತಾ ಹೋಗುತ್ತದೆ. 10,272 ಅಡಿ. ಇಷ್ಟು ದಿನ ಬಯಲು ದಾಟಿದವರಿಗೆ "ಬೆಟ್ಟದ ಸೀಮೆ ಶುರುವಾಯಿತು" ಎಂದು ಹೇಳಿದ್ದು ಇದು. ಗರ್ನ್ಸಿ ಪಕ್ಕದಲ್ಲಿ ಎರಡು ಜಾಗ ನೋಡಿ. ಒಂದು, ಗಾಲಿ ಜಾಡು. ಇಲ್ಲಿ ಗಾಡಿಗಳೆಲ್ಲ ನದಿ ಪಕ್ಕದ ಒಂದೇ ದಿಬ್ಬ ಹತ್ತಬೇಕಿತ್ತು. ಅದೇ ಗೆರೆಯಲ್ಲಿ ಸಾವಿರಾರು ಗಾಡಿ ಹಾದು ಮರಳುಗಲ್ಲು ಕೆಲವು ಕಡೆ ಐದು ಅಡಿ ಆಳ ಸವೆದಿದೆ. ಅದರೊಳಗೆ ನಿಂತರೆ ಮಕ್ಕಳ ತಲೆ ಮಾತ್ರ ಹೊರಗೆ. ಎರಡು, ರಿಜಿಸ್ಟರ್ ಕ್ಲಿಫ್. ನದಿ ಪಕ್ಕದ ಮೆದು ಕಲ್ಲಿನ ಗೋಡೆ, ಇಲ್ಲಿ ತಂಗಿದವರು ಹೆಸರು, ಊರು, ತಾರೀಖು ಕೆತ್ತಿದ್ದಾರೆ. ಹಿಂದೆ ಬರುವ ನೆಂಟರಿಗೆ "ನಾವು ಇಲ್ಲಿಯ ತನಕ ಬದುಕಿದ್ದೇವೆ" ಎಂದು ತಿಳಿಸುವುದಕ್ಕೆ ಬೇರೆ ದಾರಿ ಅಷ್ಟಾಗಿ ಇರಲಿಲ್ಲ.

ಎಚ್ಚರ: ಕಲ್ಲಿನ ಮೇಲೆ ಏನನ್ನೂ ಗೀಚಬೇಡಿ, ಉಜ್ಜಿ ನೋಡಬೇಡಿ. ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಒಂದು ಗೀರು 1850ರ ಒಂದು ಹೆಸರನ್ನು ಅಳಿಸಬಹುದು. ಈಗಾಗಲೇ ಅಲ್ಲಿ ಹೊಸಬರ ಹೆಸರುಗಳು ಹಳೆಯವನ್ನು ನುಂಗಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ರಾತ್ರಿಗೆ ಕ್ಯಾಸ್ಪರ್. ಹೊತ್ತಿದ್ದರೆ ಅಲ್ಲಿನ ಟ್ರೇಲ್ಸ್ ವಸ್ತು ಸಂಗ್ರಹಾಲಯ ನೋಡಿ. ಮಾರನೇ ದಿನ ಹೊರಡುವ ಮುಂಚೆ ಟ್ಯಾಂಕ್ ಪೂರ್ತಿ ತುಂಬಿಸಿ. ಮುಂದೆ ಲ್ಯಾಂಡರ್ ಊರಿನ ತನಕ ಸುಮಾರು 150 ಮೈಲಿ, ನಡುವೆ ಪೆಟ್ರೋಲ್ ಸಿಕ್ಕರೆ ಸಿಕ್ಕಿತು ಅಷ್ಟೇ.

6. ಇಂಡಿಪೆಂಡೆನ್ಸ್ ರಾಕ್: ತಾರೀಖು ಹೇಳುವ ಬಂಡೆ

ಕ್ಯಾಸ್ಪರ್ ಬಳಿ ವಲಸಿಗರು ಪ್ಲಾಟ್ ನದಿಯನ್ನು ಬಿಟ್ಟರು. ಮುಂದಿನ ಐವತ್ತು ಮೈಲಿ ಇಡೀ ದಾರಿಯ ಕೆಟ್ಟ ತುಂಡುಗಳಲ್ಲಿ ಒಂದು. ಅಲ್ಲಲ್ಲಿ ನಿಂತ ನೀರೆಲ್ಲ ಕ್ಷಾರ, ಅಂದರೆ ಚೌಳು ನೀರು. ಬಾಯಾರಿ ಕುಡಿದ ಎತ್ತುಗಳು ಸತ್ತವು. ಹೆದ್ದಾರಿ 220ರಲ್ಲಿ ಹೋಗುವಾಗ ಬಿಳಿ ಉಪ್ಪು ಹಿಡಿದ ಒಣ ಕೆರೆಗಳು ನಿಮಗೂ ಕಾಣುತ್ತವೆ. ಆ ಬಿಳಿ ಪುಡಿಯನ್ನೇ ಹೆಂಗಸರು ಕೆರೆದು ತಂದು, ಅಡುಗೆ ಸೋಡಾದ ಹಾಗೆ ರೊಟ್ಟಿ ಹಿಟ್ಟಿಗೆ ಹಾಕಿದ್ದೂ ಉಂಟು.

ಇದೆಲ್ಲ ದಾಟಿದ ಮೇಲೆ ಸ್ವೀಟ್‌ವಾಟರ್ ಎಂಬ ಸಿಹಿನೀರಿನ ಹೊಳೆ, ಅದರ ಪಕ್ಕದಲ್ಲಿ ಮಲಗಿದ ತಿಮಿಂಗಿಲದಂಥ ಗ್ರಾನೈಟ್ ಬಂಡೆ. ಸುಮಾರು 130 ಅಡಿ ಎತ್ತರ, 1,900 ಅಡಿ ಉದ್ದ. ಒಂದು ಸುತ್ತು ಬಂದರೆ ಒಂದು ಮೈಲಿಗೂ ಜಾಸ್ತಿ. 1830ರ ಜುಲೈ 4ರಂದು ವಿಲಿಯಂ ಸಬ್ಲೆಟ್ ಎಂಬ ತುಪ್ಪಳ ವ್ಯಾಪಾರಿಯ ತಂಡ ಇಲ್ಲಿ ದೇಶದ ಸ್ವಾತಂತ್ರ್ಯ ದಿನ ಆಚರಿಸಿದ್ದರಿಂದ ಈ ಹೆಸರು. ಆಮೇಲೆ ಈ ದಿನವೇ ಅಳತೆಗೋಲಾಯಿತು. ಜುಲೈ 4ರ ಒಳಗೆ ಇಲ್ಲಿಗೆ ಬಂದರೆ ಹಿಮಕ್ಕೆ ಮುಂಚೆ ದಾಟಬಹುದು. ತಡವಾದರೆ ಇಲ್ಲಿ ಸುಧಾರಿಸಿಕೊಳ್ಳುವುದನ್ನೂ ಬಿಟ್ಟು ಹೊರಡಬೇಕು. ಬೇಗ ಹೊರಡೋಣ ಅಂದರೆ ಅದೂ ಆಗುತ್ತಿರಲಿಲ್ಲ. ವಸಂತದಲ್ಲಿ ಹುಲ್ಲು ಚಿಗುರುವ ಮುಂಚೆ ಹೊರಟರೆ ಎತ್ತುಗಳಿಗೆ ಮೇವಿಲ್ಲ. ಈ ಎರಡರ ನಡುವಿನ ಇಕ್ಕಟ್ಟು ಈ ಬಂಡೆಯ ಹತ್ತಿರ ನಿಂತಾಗ ಅರ್ಥವಾಗುತ್ತದೆ.

ಇಲ್ಲಿ ಎರಡು ಗಂಟೆ ಕೊಡಿ. ಮೊದಲು ಪೂರ್ತಿ ಸುತ್ತು ಬನ್ನಿ, ಆಮೇಲೆ ಇಳಿಜಾರು ಕಡಿಮೆ ಇರುವ ಕಡೆಯಿಂದ ಮೇಲೆ ಹತ್ತಿ. ಇಲ್ಲಿ ಹತ್ತುವುದಕ್ಕೆ ಅವಕಾಶವಿದೆ. ಹೆಸರುಗಳು ಬಹಳಷ್ಟು ಮೇಲ್ಭಾಗದಲ್ಲಿವೆ. ಕೀಲೆಣ್ಣೆ, ಟಾರಿನಲ್ಲಿ ಬರೆದವು ಮಳೆಗೆ ಹೋದವು, ಉಳಿದವು ಹೆಚ್ಚಾಗಿ ಉಳಿಯಿಂದ ಕೆತ್ತಿದವು. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ, ನಡುಮಧ್ಯಾಹ್ನ ಪಕ್ಕದಲ್ಲೇ ನಿಂತರೂ ಗೊತ್ತಾಗುವುದಿಲ್ಲ. 1840ರ ದಶಕದಲ್ಲಿ ಪಾದ್ರಿ ದ ಸ್ಮೆಟ್ ಈ ಬಂಡೆಯನ್ನು "ಮರುಭೂಮಿಯ ಹಾಜರಿ ಪುಸ್ತಕ" ಎಂಬ ಅರ್ಥದಲ್ಲಿ ಕರೆದದ್ದು ಇದಕ್ಕೇ.

ಎಚ್ಚರ: ಗಾಳಿ ಭಾರಿ ಜೋರು. ಟೋಪಿ, ದುಪಟ್ಟಾ, ಚಿಕ್ಕ ಮಕ್ಕಳ ಕೈ ಮೂರನ್ನೂ ಬಿಗಿಯಾಗಿ ಹಿಡಿಯಿರಿ. ಬಂಡೆಯಲ್ಲಿ ಆಳವಾದ ಬಿರುಕುಗಳಿವೆ. ಗುಡುಗು ಕೇಳಿದ ಕೂಡಲೇ ಇಳಿಯಿರಿ. ಬಯಲಿನಲ್ಲಿ ಎತ್ತರವಿರುವುದು ಅದೊಂದೇ. ಶೌಚಾಲಯ ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿದೆ, ಮುಂದೆ ಬಹಳ ಹೊತ್ತು ಸಿಗುವುದಿಲ್ಲ.

7. ಡೆವಿಲ್ಸ್ ಗೇಟ್, ಸ್ಪ್ಲಿಟ್ ರಾಕ್

ಐದಾರು ಮೈಲಿ ಮುಂದೆ ಸ್ವೀಟ್‌ವಾಟರ್ ಹೊಳೆ ಗ್ರಾನೈಟ್ ಬೆಟ್ಟವನ್ನು ಸೀಳಿಕೊಂಡು ಹರಿಯುತ್ತದೆ. ಕಮರಿ ಸುಮಾರು 370 ಅಡಿ ಆಳ, ತಳದಲ್ಲಿ ಬರೀ 30 ಅಡಿ ಅಗಲ. ಗಾಡಿ ಹೋಗುವ ಮಾತೇ ಇಲ್ಲ. ಪಕ್ಕದ ತಗ್ಗಿನಿಂದ ಸುತ್ತಿ ಹೋದರು, ಪಡ್ಡೆ ಹುಡುಗರು ಮಾತ್ರ ನೋಡಿ ಬಂದರು. ಹೆದ್ದಾರಿ ಪಕ್ಕದ ನೋಟದ ತಾಣದಿಂದ ನೋಡಿ, ಹತ್ತು ನಿಮಿಷ ಸಾಕು.

ಆಮೇಲೆ ಮಡ್ಡಿ ಗ್ಯಾಪ್‌ನಲ್ಲಿ ಬಲಕ್ಕೆ, ಹೆದ್ದಾರಿ 287. ಬಲಗಡೆ ಬೆಟ್ಟದ ಸಾಲಿನ ತುದಿಯಲ್ಲಿ ಬಂದೂಕಿನ ಗುರಿ ನೋಡುವ ಕಚ್ಚಿನಂತೆ ಒಂದು ಸೀಳು ಕಾಣುತ್ತದೆ. ಅದೇ ಸ್ಪ್ಲಿಟ್ ರಾಕ್. ಬರುವ ಮುಂಚೆ ಒಂದು ದಿನ, ದಾಟಿದ ಮೇಲೆ ಎರಡು ದಿನ ಅವರಿಗೆ ಕಾಣುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತವರು ತಿರುಗಿ ನೋಡುತ್ತಿರಲಿ, ಯಾವಾಗ ಮರೆಯಾಗುತ್ತದೆ ಎಂದು ಹೇಳಲಿ. ಅದು ಬೆನ್ನ ಹಿಂದೆ ನೇರಕ್ಕಿದ್ದರೆ ಸರಿಯಾದ ದಾರಿಯಲ್ಲಿದ್ದೇವೆ ಎಂದು ಅವರಿಗೆ ಧೈರ್ಯ. ಹೊಳೆಯನ್ನು ಮಾತ್ರ ಒಂಬತ್ತು ಸಲ ದಾಟಬೇಕಿತ್ತು.

8. ಸೌತ್ ಪಾಸ್: ಗೊತ್ತಾಗದೆ ದಾಟುವ ಬೆಟ್ಟ

ಲ್ಯಾಂಡರ್‌ಗೆ ಸ್ವಲ್ಪ ಮುಂಚೆ ಹೆದ್ದಾರಿ 28ಕ್ಕೆ ಎಡಕ್ಕೆ ತಿರುಗಿ. ಸುಮಾರು ಮುಕ್ಕಾಲು ಗಂಟೆ. ಎತ್ತರ 7,412 ಅಡಿ. ಊರಿಂದ ಬಂದ ಹಿರಿಯರಿಗೆ ಇಲ್ಲಿ ಉಸಿರು ಸ್ವಲ್ಪ ಬೇಗ ಬರಬಹುದು. ನೀರು ಕುಡಿಸಿ, ನಿಧಾನ ನಡೆಸಿ. ಹೃದಯ, ಉಸಿರಾಟದ ತೊಂದರೆ ಇದ್ದರೆ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ.

ಪಾಸ್ ಅಂದ ಕೂಡಲೇ ಆಗುಂಬೆ, ಚಾರ್ಮಾಡಿ ಘಾಟಿಯಂಥದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇಲ್ಲಿ ನಿರಾಸೆ. ತಿರುವಿಲ್ಲ, ಪ್ರಪಾತವಿಲ್ಲ. ಹತ್ತಾರು ಮೈಲಿ ಅಗಲದ, ಸೇಜ್ ಎಂಬ ಬೂದು ಪೊದೆ ತುಂಬಿದ ಬಯಲು, ಅಷ್ಟೇ. ಉತ್ತರಕ್ಕೆ ವಿಂಡ್ ರಿವರ್ ಬೆಟ್ಟಗಳು ಹಿಮ ಹೊತ್ತು ನಿಂತಿರುತ್ತವೆ. ಇಡೀ ದಾರಿ ಸಾಧ್ಯವಾದದ್ದೇ ಈ ಸಪಾಟು ನೆಲದಿಂದ. ಕಡಿದಾದ ಘಾಟಿಯಾಗಿದ್ದರೆ ತುಂಬಿದ ಗಾಡಿ ದಾಟುತ್ತಲೇ ಇರಲಿಲ್ಲ. ಇಲ್ಲಿನ ಮೂಲ ಜನರಿಗೆ ಇದು ಮೊದಲಿಂದಲೂ ಗೊತ್ತಿತ್ತು. ಅವರಿಂದ ತಿಳಿದು 1812ರಲ್ಲಿ ರಾಬರ್ಟ್ ಸ್ಟುವರ್ಟ್, 1824ರಲ್ಲಿ ಜೆಡಿಡಯಾ ಸ್ಮಿತ್ ತಂಡಗಳು ದಾಟಿದವು. 1836ರಲ್ಲಿ ನಾರ್ಸಿಸಾ ವಿಟ್‌ಮನ್ ಮತ್ತು ಎಲಿಜಾ ಸ್ಪಾಲ್ಡಿಂಗ್ ಎಂಬ ಇಬ್ಬರು ಹೆಂಗಸರು ಹಾದುಹೋದ ಮೇಲೆ, ಸಂಸಾರ ಕಟ್ಟಿಕೊಂಡೂ ಹೋಗಬಹುದು ಎಂಬ ನಂಬಿಕೆ ಬಂತು.

ನೀರು ಇಬ್ಭಾಗವಾಗುವ ಏಣು ಇದು. ಪೂರ್ವಕ್ಕೆ ಬಿದ್ದ ಮಳೆ ಮಿಸಿಸಿಪ್ಪಿ ಸೇರುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ಕೊಲರಾಡೊ ನದಿಯ ಕಡೆ ಹೋಗುತ್ತದೆ. ನಮ್ಮ ಪಶ್ಚಿಮ ಘಟ್ಟದ ಏಣಿನ ಮೇಲೆ ಒಂದು ಮಗ್ಗುಲು ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಬಂಗಾಳ ಕೊಲ್ಲಿಗೆ ಹರಿಯುವ ಹಾಗೆ. ಆದರೆ ನೆಲ ಎಷ್ಟು ಸಪಾಟು ಅಂದರೆ, ಎಷ್ಟೋ ವಲಸಿಗರಿಗೆ ದಾಟಿದ್ದೇ ಗೊತ್ತಾಗಲಿಲ್ಲ. ದಕ್ಷಿಣಕ್ಕೆ ಕಾಣುವ ಆರೆಗಾನ್ ಬ್ಯೂಟ್ಸ್ ಎಂಬ ಚಪ್ಪಟೆ ತಲೆಯ ಗುಡ್ಡಗಳನ್ನು ನೋಡಿ ಊಹಿಸುತ್ತಿದ್ದರು. ಮುಂದೆ ಪೆಸಿಫಿಕ್ ಸ್ಪ್ರಿಂಗ್ಸ್ ಚಿಲುಮೆಗೆ ಬಂದು, ನೀರು ಪಶ್ಚಿಮಕ್ಕೆ ಹರಿಯುವುದನ್ನು ಕಂಡ ಮೇಲೆ ಖಾತ್ರಿ. ದಾರಿ ಅರ್ಧ ಮುಗಿದಿತ್ತು.

ಹೆದ್ದಾರಿ ಪಕ್ಕದ ನೋಟದ ತಾಣದಲ್ಲಿ ನಿಂತು ಮೊದಲು ಆ ಗುಡ್ಡಗಳನ್ನು ಗುರುತಿಸಿ. ಅಲ್ಲಿಂದ ಕಣ್ಣಳತೆಯಲ್ಲಿ ದಾರಿ ಹೋಗಿದ್ದ ತಗ್ಗನ್ನು ಹುಡುಕಿ. ನಿಜವಾದ ಜಾಡಿಗೇ ಹೋಗಬೇಕು ಎಂದರೆ ಮಣ್ಣು ರಸ್ತೆ ಇದೆ. ಅದರ ಕೊನೆಯಲ್ಲಿ ಎಜ್ರಾ ಮೀಕರ್ ನೆಟ್ಟ ಗುರುತು ಕಲ್ಲು ಸಿಗುತ್ತದೆ. 1852ರಲ್ಲಿ ಎತ್ತಿನ ಗಾಡಿಯಲ್ಲಿ ಪಶ್ಚಿಮಕ್ಕೆ ಹೋದ ಈತ, ಜನ ಈ ದಾರಿಯನ್ನು ಮರೆಯುತ್ತಿದ್ದಾರೆ ಎಂದು ಸಂಕಟಪಟ್ಟು, 1906ರಲ್ಲಿ 75 ವರ್ಷದ ಮುದುಕನಾಗಿ ಮತ್ತೆ ಎತ್ತು ಕಟ್ಟಿ, ಉಲ್ಟಾ ದಿಕ್ಕಿನಲ್ಲಿ ಬಂದು ದಾರಿಯುದ್ದಕ್ಕೂ ಕಲ್ಲು ನೆಡಿಸಿದ. ಆ ಕಲ್ಲಿನ ಹತ್ತಿರ ನಿಂತಾಗ ನನಗೆ ಮಾತೇ ಹೊರಡಲಿಲ್ಲ.

ಎಚ್ಚರ: ಆ ಮಣ್ಣು ರಸ್ತೆಗೆ ಎತ್ತರದ ಗಾಡಿ ಇದ್ದರೆ, ನೆಲ ಪೂರ್ತಿ ಒಣಗಿದ್ದರೆ ಮಾತ್ರ ಇಳಿಯಿರಿ. ಮಳೆ ಬಿದ್ದರೆ ಮಣ್ಣು ಅಂಟಿನಂತಾಗಿ ಚಕ್ರ ಹೂತುಹೋಗುತ್ತದೆ, ಕರೆಯೋಣ ಅಂದರೆ ಫೋನ್ ಸಿಗ್ನಲ್ ಇಲ್ಲ. ಬಾಡಿಗೆ ಕಾರಿನ ಕರಾರಿನಲ್ಲಿ ಮಣ್ಣು ರಸ್ತೆಗೆ ಒಪ್ಪಿಗೆ ಇದೆಯಾ ನೋಡಿಕೊಳ್ಳಿ. ಮೋಡ ಕವಿದಿದ್ದರೆ ನೋಟದ ತಾಣದಿಂದಲೇ ತೃಪ್ತಿಪಡಿ. ಮತ್ತೆ, ಸೂರ್ಯ ಮುಳುಗುವ ಮುಂಚೆ ಲ್ಯಾಂಡರ್ ಕಡೆ ಹೊರಟುಬಿಡಿ. ಮುಸ್ಸಂಜೆ ಹೊತ್ತಿಗೆ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿಗಳು ಹೆದ್ದಾರಿ 28ಕ್ಕೆ ಹಿಂಡು ಹಿಂಡಾಗಿ ಬರುತ್ತವೆ. ಒಂದು ದಾಟಿತೆಂದು ವೇಗ ಹೆಚ್ಚಿಸಬೇಡಿ, ಹಿಂದೆ ಇನ್ನೂ ನಾಲ್ಕು ಇರುತ್ತವೆ.